ತ್ರಿಶಲಾ ಚಹಾ ಬಿಟ್ಟಿದ್ದು

ಬಿಳಿ ಸೀರೆಯ ಜೈನ ಸನ್ಯಾಸಿನಿ ಆರ್ಯಿಕಾ ಮಾತಾಜಿಯವರು ಶಿರಗುಪ್ಪಿಯ ಬಸದಿಯಲ್ಲಿ ಮೂರು ದಿನ ಇದ್ದರು. ನಾಲ್ಕನೆಯ ಬೆಳಿಗ್ಗೆ ಐನಾಪುರದ ಕಡೆ ಕಾಲ್ನಡಿಗೆಯಲ್ಲಿ ಅವರ ವಿಹಾರ. ಹಿಂದಿನ ದಿನದ ಪ್ರವಚನ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಹೋಗಿ, ವಂದಾಮಿ ಹೇಳಿ, ತಮ್ಮ ಕೈಲಾದ ನೇಮ ತೆಗೆದುಕೊಳ್ಳತೊಡಗಿದರು. ಒಬ್ಬಾಕೆ ಒಂದು ತಿಂಗಳು ತುಪ್ಪ ಬಿಟ್ಟಳು. ಇನ್ನೊಬ್ಬಾಕೆ ದೀಪಾವಳಿಯ ತನಕ ಹೊಸ ಸೀರೆ ಬಿಟ್ಟಳು. ಆಚೆ ಸಾಲಿನಲ್ಲಿದ್ದ ಅವಳ ಗಂಡ ಕಣ್ಣು ಮುಚ್ಚಿ ಕೈಮುಗಿದದ್ದನ್ನು ಕಂಡು ಮಾತಾಜಿಯವರಿಗೂ ನಗೆ ಬಂತು.

ತ್ರಿಶಲಾ ಹದಿನೈದು ದಿನ ಶೇಂಗಾ ಬಿಡುವುದೆಂದು ಮನೆಯಲ್ಲೇ ನಿಶ್ಚಯಿಸಿಕೊಂಡು ಬಂದಿದ್ದಳು. ಆಕೆ ಮಾತನ್ನು ತೂಗಿ ಆಡುವ ಹೆಂಗಸು. ಅಥಣಿಯಲ್ಲಿ ಬಿ.ಎ. ಓದಿದವಳು, ಮಹಿಳಾ ಸಂಘದ ಠರಾವು ಬರೆಯುವವಳು. ಒಂದು ಪತ್ರ ಬರೆದರೆ ಮೂರು ಸಲ ಓದಿ, ಅಂಚೆಗೆ ಹಾಕಿ ಬಂದ ಮೇಲೆ ನಾಲ್ಕನೆಯ ಸಲ ಮನಸ್ಸಿನಲ್ಲಿ ಓದುವವಳು. ಅಂಥವಳು ಮಾತಾಜಿಯವರ ಮುಂದೆ ಕೂತದ್ದೇ ತಡ, ಎರಡು ತಿಂಗಳಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಬಾಯಿಗೆ ಬಂದುಬಿಟ್ಟಿತು.

"ಮಗಳ ಕಾಲೇಜಿಂದು ಇತ್ಯರ್ಥ ಆಗೂತನಕ ಚಾ ಬಿಡ್ತೀನ್ರಿ."

ಮಾತಾಜಿಯವರು ಒಂದು ಗಳಿಗೆ ಅವಳ ಮುಖ ನೋಡಿದರು. ಎಂದಿನವರೆಗೆ ಎಂದು ಕೇಳಿದರು. ತ್ರಿಶಲಾ ಮತ್ತೆ ಇತ್ಯರ್ಥ ಆಗೂತನಕ ಎಂದಳು. ಮಾತಾಜಿಯವರ ಕೈಯಲ್ಲಿದ್ದ ನವಿಲುಗರಿಯ ಕುಂಚ, ಪಿಂಛಿ, ಮೇಲೆದ್ದು ಅವಳ ತಲೆಯ ಮೇಲೆ ಇಳಿಯಿತು. ಅಲ್ಲಿಗೆ ನೇಮ ನೇಮವಾಯಿತು.

ಅತ್ತೆ ಲಕ್ಷ್ಮಿಬಾಯಿ ಬಸದಿಯಿಂದ ಜೊತೆಗೇ ನಡೆದು ಬಂದರು. ಮನೆಯ ಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತ ಮಾತು ತೆಗೆದರು. "ಎಪ್ಪತ್ನಾಲ್ಕು ವರ್ಷದಾಗ ಎಷ್ಟೋ ನೇಮ ಹಿಡದೇನಿ ತ್ರಿಶಲಾ. ಎಂಟು ದಿನದ್ದು, ತಿಂಗಳದ್ದು, ಚಾತುರ್ಮಾಸದ್ದು. ನೇಮಕ್ಕ ದಿನಾ ಇರ್ತಾವ. ಇನ್ನೊಬ್ಬರ ಮನಸಿಗೆ ಗಂಟು ಹಾಕಿದ್ದು ಇದೇ ಮೊದಲ ನೋಡಿದ್ನವಾ. ಆ ಹುಡುಗಿ ಮನಸು ಮುಂಜಾನೆ ಒಂದು, ಮಧ್ಯಾಹ್ನ ಒಂದು. ನೀ ಇನ್ನ ಯಾವಾಗ ಚಾ ಕುಡೀತಿ?"

ಅತ್ತೆ ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ. ಮಗಳು ಕಾಜಲ ಏಪ್ರಿಲ್‌ನಲ್ಲಿ ಪಿಯುಸಿ ಕಾಮರ್ಸ್ ಪಾಸಾಗಿದ್ದಳು, ಒಳ್ಳೆಯ ಅಂಕಗಳೇ. ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ಬಿ.ಕಾಂ. ಸೇರಿ ದಿನವೂ ಬಸ್ಸಿನಲ್ಲಿ ಹೋಗಿ ಬರುವುದೆಂದು ಎಲ್ಲರೂ ತಿಳಿದಿದ್ದರು. ಆದರೆ ಹಿಂದಿನ ಬೇಸಿಗೆಯಲ್ಲಿ ಅವಳು ಕೊಲ್ಲಾಪುರದ ಸೋದರತ್ತೆಯ ಮನೆಗೆ ಹೋದಾಗ, ಅತ್ತೆಯ ಮಗಳ ಜೊತೆಗೆ ಬೇಸರ ಕಳೆಯಲು ಜರ್ಮನ್ ತರಗತಿಗೆ ಕೂತಿದ್ದಳು. ಅತ್ತೆಯ ಮಗಳು ಎರಡನೆಯ ವಾರ ಬಿಟ್ಟಳು. ಇವಳು ಬಿಡಲಿಲ್ಲ. ಊರಿಗೆ ಬಂದ ಮೇಲೂ ಫೋನಿನಲ್ಲಿ ಪಾಠ ಕೇಳಿ, ಮೊದಲ ಹಂತದ ಪರೀಕ್ಷೆ ಪಾಸಾದಳು. ಈಗ ಕೊಲ್ಲಾಪುರದ ಕಾಲೇಜೊಂದರಲ್ಲಿ ಜರ್ಮನ್ ಮುಖ್ಯ ವಿಷಯವಾಗಿಟ್ಟುಕೊಂಡು ಬಿ.ಎ. ಮಾಡಬಹುದೆಂದು ತಿಳಿದಿದ್ದಳು. ಅರ್ಜಿಗೆ ಜೂನ್ ಇಪ್ಪತ್ತೆಂಟು ಕಡೆಯ ದಿನ.

ಸೇರಬೇಕೋ ಬೇಡವೋ ಎನ್ನುವುದು ಮಾತ್ರ ಅವಳಿಗೇ ತಿಳಿದಿರಲಿಲ್ಲ. ಒಂದು ದಿನ ಬಿ.ಕಾಂ. ಎಲ್ಲರಿಗೂ ಗೊತ್ತಿರುವ ದಾರಿ ಎನ್ನುತ್ತಿದ್ದಳು. ಮರುದಿನ, ಮರಾಠಿಯಲ್ಲಿ ಕುರ್ಚಿ ಹೆಣ್ಣು, ಟೇಬಲ್ ನಪುಂಸಕ ಆಗುವ ಹಾಗೆಯೇ ಜರ್ಮನ್‌ನಲ್ಲೂ ಇದೆ, ಗಡಿನಾಡಿನವರಿಗೆ ಇದೇನು ಹೊಸದಲ್ಲ ಎಂದು ಊಟ ಬಿಟ್ಟು ವಿವರಿಸುತ್ತಿದ್ದಳು. ತಂದೆ ವೃಷಭ, ಕಬ್ಬಿಗೆ ಮಣ್ಣೇರಿಸುವ ಕೆಲಸದಲ್ಲಿ ಮುಳುಗಿದ್ದವನು, ತಾಯಿ ಮಗಳು ಕೂಡಿ ನಿರ್ಧಾರ ಮಾಡಿರಿ, ನಾನು ಅದಕ್ಕೆ ಹೂಂ ಎನ್ನುತ್ತೇನೆ ಎಂದು ಹೇಳಿ ಪಾರಾಗಿದ್ದ.

ತ್ರಿಶಲಾಳಿಗೆ ಬಿ.ಕಾಂ. ಬೇಕಾಗಿತ್ತು. ಜರ್ಮನ್ ಬಗ್ಗೆ ಅವಳಿಗೆ ದ್ವೇಷವೇನೂ ಇರಲಿಲ್ಲ. ಅದು ಏನೆಂದೇ ಗೊತ್ತಿರಲಿಲ್ಲ. ಕಾಜಲ ಬಾಗಿಲು ಮುಚ್ಚಿಕೊಂಡೇ ಓದುತ್ತಿದ್ದಳು, ಯಾರಾದರೂ ಕೇಳಿಸಿಕೊಂಡರೆ ನಾಚಿಕೆ. ಬಾಗಿಲ ಹೊರಗೆ ನಿಂತ ತಾಯಿಗೆ ಏನೋ ಗಂಟಲು ಸರಿಮಾಡಿಕೊಂಡಂಥ ಸದ್ದು ಕೇಳುತ್ತಿತ್ತು, ಅಷ್ಟೆ. ತ್ರಿಶಲಾ ರಾತ್ರಿ ಮಲಗುವ ಮುಂಚೆ ಗ್ಯಾಸಿನ ನಾಬು ಎರಡು ಸಲ ಮುಟ್ಟಿ ನೋಡುವವಳು. ಸಂಜೆಯ ಬಸ್ಸು ಹತ್ತು ನಿಮಿಷ ತಡವಾದರೆ ಮಗಳು ಎಲ್ಲೆಲ್ಲಿ ಬಿದ್ದಿರಬಹುದೆಂದು ಯೋಚಿಸಿ ಮುಗಿಸಿರುವವಳು. ಬಸ್ಸೇ ಇಲ್ಲದ ಮೂರು ವರ್ಷ, ಹಾಸ್ಟೆಲಿನ ಮೂರು ವರ್ಷ ಅವಳ ಊಹೆಗೆ ನಿಲುಕುತ್ತಿರಲಿಲ್ಲ. ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲು ಅಲ್ಲಿ ಊಟ ಹಾಕುತ್ತಾರೋ ಇಲ್ಲವೋ. ನಡುವೆ ಬೇಸರ ಬಂದರೆ ವಾಪಸು ಬಂದು ಯಾವ ಮುಖ ಇಟ್ಟುಕೊಂಡು ಬಿ.ಕಾಂ. ಸೇರುತ್ತಾಳೋ.

ನೇಮದ ಸುದ್ದಿ ಕೇಳಿ ಕಾಜಲ ಬಾಗಿಲಲ್ಲೇ ನಿಂತಳು. "ಅವ್ವಾ, ಇದು ನೇಮ ಅಲ್ಲ. ಧಮಕಿ."

ಹಾಗೇನಿಲ್ಲ, ಬಾಯಿತಪ್ಪಿ ಬಂತು ಎಂದು ತ್ರಿಶಲಾ ಎಷ್ಟು ಹೇಳಿದರೂ ಮಗಳು ನಂಬಲಿಲ್ಲ. ಎಲ್ಲರ ಬಾಯಿ ತಪ್ಪಬಹುದು, ನಿನ್ನ ಬಾಯಿ ತಪ್ಪಿದ್ದನ್ನು ನಾನು ಈ ಹದಿನೇಳು ವರ್ಷದಲ್ಲಿ ನೋಡಿಲ್ಲ ಎಂದಳು.

ಮೊದಲ ಎರಡು ದಿನ ತಲೆನೋವು. ಮೂರನೆಯ ದಿನದಿಂದ ಬೇರೆಯ ತರದ ಕಷ್ಟ ಶುರುವಾಯಿತು. ಈ ಸೀಮೆಯಲ್ಲಿ ಚಹಾ ಕುಡಿಯದೆ ಯಾರ ಮನೆಯಿಂದಲೂ ಎದ್ದು ಬರಲಾಗುವುದಿಲ್ಲ. ಬೇಡ ಎಂದರೆ ಸಿಟ್ಟೇ ಎನ್ನುತ್ತಾರೆ. ಸಿಟ್ಟಲ್ಲ, ನೇಮ ಎಂದರೆ ಎಷ್ಟು ದಿನದ್ದು ಎನ್ನುತ್ತಾರೆ. ದಿನವಿಲ್ಲ ಎಂದರೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ಹೀಗೆ ನಾಲ್ಕು ಗೋಡೆಯ ನಡುವೆ ಇರಬೇಕಾಗಿದ್ದ ಮಗಳ ಕಾಲೇಜಿನ ವಿಚಾರವನ್ನು ತ್ರಿಶಲಾ ತಾನೇ ಮನೆಮನೆಗೆ ಹೊತ್ತುಕೊಂಡು ತಿರುಗುವ ಹಾಗಾಯಿತು.

ಮೊದಲು ಸಿಕ್ಕವಳು ಎದುರುಮನೆಯ ಸಾವಕ್ಕ. ತ್ರಿಶಲಾಳಿಗೆ ಒಳಗೊಳಗೆ ಒಂದು ಆಸೆಯೂ ಇತ್ತು: ಹತ್ತು ಜನ ಬೇಡ ಎಂದರೆ ಆ ಮಾತು ಮಗಳ ಕಿವಿಗೆ ಬೀಳುತ್ತದೆ, ತಾನು ಕೆಟ್ಟವಳಾಗುವುದು ತಪ್ಪುತ್ತದೆ. ಸಾವಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಒಲೆಯ ಮೇಲಿದ್ದ ಅಲ್ಯುಮಿನಿಯಂ ಪಾತೇಲಿ ತೋರಿಸಿದಳು.

"ನಮಗ ಗೊತ್ತಿರೂದು ಇದೊಂದ ಜರ್ಮನ್ ನೋಡವಾ. ಜರ್ಮನ್ ಪಾತೇಲಿ. ಅದರಾಗ ಮೂರು ವರ್ಷ ಏನ ಕಲೀತಾಳ?"

ತ್ರಿಶಲಾ ನಕ್ಕಳು. ಆದರೆ ಸಾವಕ್ಕ ಅಲ್ಲಿಗೆ ನಿಲ್ಲಿಸಲಿಲ್ಲ. ಹುಡುಗಿಯರಿಗೆ ಇಂಥ ಹುಚ್ಚು ಫೋನಿನಿಂದ ಬರುತ್ತದೆ, ಆರು ತಿಂಗಳಿಗೆ ಇಳಿಯುತ್ತದೆ ಎಂದಳು. ಮದುವೆ ಮಾಡಿಕೊಟ್ಟ ಮನೆಯಲ್ಲಿ ಯಾರ ಸಂಗಡ ಮಾತಾಡುತ್ತಾಳೆ, ಎಮ್ಮೆಯ ಸಂಗಡವೇ ಎಂದು ಕೇಳಿದಳು. ತ್ರಿಶಲಾ ಬಯಸಿದ್ದೂ ಇಂಥದೇ ಮಾತನ್ನು. ಕೇಳಿದಾಗ ಮಾತ್ರ ಅವಳ ಕಿವಿ ಬಿಸಿಯಾಯಿತು.

"ಹುಚ್ಚಲ್ಲ ಸಾವಕ್ಕಾ. ಒಂದು ವರ್ಷ ಆತು, ಒಂದು ದಿನಾ ತಪ್ಪಿಸಿಲ್ಲ. ಆಕಿಗೆ ಹೇಳೋರಿಲ್ಲ ಕೇಳೋರಿಲ್ಲ, ತಾನ ಕೂತು ಪರೀಕ್ಷಾ ಪಾಸ್ ಮಾಡ್ಯಾಳ."

ಮನೆಗೆ ಬಂದ ಮೇಲೆ ತಾನು ಹೇಳಿದ್ದನ್ನು ಅಭ್ಯಾಸದಂತೆ ಮನಸ್ಸಿನಲ್ಲಿ ಮತ್ತೆ ಓದಿಕೊಂಡಳು. ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ಮಗಳಿಗೆ ಒಮ್ಮೆಯೂ ಹೇಳಿರಲಿಲ್ಲ ಎನ್ನುವುದು ಹೊಳೆಯಿತು.

ನಂತರ ಧೂಳಪ್ಪನ ಮನೆ. ಆತ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು; ಅವನ ಹೆಂಡತಿಗೆ ಸಂಘದ ನೋಟೀಸು ಕೊಡಲು ತ್ರಿಶಲಾ ಹೋಗಿದ್ದಳು. ಜರ್ಮನ್ ಎಂದದ್ದೇ ಧೂಳಪ್ಪ ಪೇಪರು ಮಡಚಿಟ್ಟ. ತಾನು ಕೆಲಸದಲ್ಲಿದ್ದಾಗ ಆ ದೇಶದ ಒಂದು ಪಂಪು ಬಂದಿತ್ತು, ಅದರ ಜೊತೆ ಇಷ್ಟು ದಪ್ಪನೆಯ ಪುಸ್ತಕವೂ ಬಂದಿತ್ತು, ಅದು ಪೂರ್ತಿ ಅವರ ಭಾಷೆಯಲ್ಲೇ ಇತ್ತು ಎಂದು ಹೇಳಿದ. ನಾವು ಚಿತ್ರ ನೋಡಿ ಪಂಪು ಜೋಡಿಸಿದೆವು, ಓದುವವರು ಯಾರೂ ಇರಲಿಲ್ಲ, ಪುಸ್ತಕ ಇನ್ನೂ ಕಪಾಟಿನಲ್ಲೇ ಇರಬೇಕು ಎಂದ.

ಈ ಪುಸ್ತಕ ತ್ರಿಶಲಾಳಿಗೆ ಬಹಳ ಉಪಯೋಗಕ್ಕೆ ಬಂತು. ಮಹಿಳಾ ಸಂಘದಲ್ಲಿ ಜರ್ಮನ್ ಕಲಿತು ಏನು ಮಾಡುತ್ತಾಳೆ ಎಂದು ಯಾರೋ ಕೇಳಿದಾಗ, ಕಾರ್ಖಾನೆಯಲ್ಲಿ ಓದುವವರಿಲ್ಲದೆ ಪುಸ್ತಕಗಳು ಬಿದ್ದಿವೆ ಎಂದಳು. ಮಿರಜದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಬೀಗರ ಪೈಕಿ ಒಬ್ಬಾಕೆ ಕೇಳಿದಾಗ ಅದು ಒಂದು ಕಪಾಟು ತುಂಬಾ ಆಗಿತ್ತು. ಠರಾವಿನಲ್ಲಿ ಒಂದು ಪದ ಹೆಚ್ಚಾದರೆ ಹೊಡೆದುಹಾಕುವ ಹೆಂಗಸು, ಚಹಾ ಬೇಡ ಎನ್ನುವ ಹೊತ್ತಿಗೆ ಒಂದು ಪುಸ್ತಕವನ್ನು ಗ್ರಂಥಾಲಯ ಮಾಡಿದ್ದಳು. ಆ ಬೀಗಿತ್ತಿ ಹಾಸ್ಟೆಲಿನ ಊಟದ ಮಾತೆತ್ತಿದಾಗಲಂತೂ, ಅಲ್ಲಿ ನಮ್ಮವರೇ ನಡೆಸುವ ಹೆಣ್ಣುಮಕ್ಕಳ ವಸತಿಗೃಹ ಇದೆ, ಹೊತ್ತು ಮುಳುಗುವ ಮೊದಲು ಊಟ ಮುಗಿಯುತ್ತದೆ ಎಂದು ತಡೆಯಿಲ್ಲದೆ ಹೇಳಿಬಿಟ್ಟಳು. ಹೇಳಿದ ಮೇಲೆ ಹೆದರಿ, ಮನೆಗೆ ಬಂದವಳೇ ಕೊಲ್ಲಾಪುರದ ನಾದಿನಿಗೆ ಫೋನು ಮಾಡಿ ವಿಚಾರಿಸಿದಳು. ಅಂಥದೊಂದು ನಿಜವಾಗಿಯೂ ಇತ್ತು. ಸಂಜೆ ಆರಕ್ಕೇ ಊಟದ ಗಂಟೆ ಹೊಡೆಯುತ್ತಿದ್ದರು. ತನ್ನ ಬಾಯಿ ತನಗಿಂತ ಮುಂದೆ ಹೋಗಿ ದಾರಿ ನೋಡಿಕೊಂಡು ಬಂದಂತೆ ಅವಳಿಗೆ ಅನ್ನಿಸಿತು.

ನೇಮ ಹಿಡಿದು ಹದಿನಾರು ದಿನವಾಗಿತ್ತು. ಅಂದು ವೃಷಭ ಹೊಲದಿಂದ ಬಂದು ಕೈಕಾಲು ತೊಳೆಯುತ್ತಲೇ ನಗುತ್ತಿದ್ದ. ಕಾಗವಾಡದಲ್ಲಿ ಗೊಬ್ಬರದ ಅಂಗಡಿಯವನು ಅವನ ಕೈಹಿಡಿದು ಅಭಿನಂದನೆ ಹೇಳಿದ್ದನಂತೆ.

"ನಿನ್ನ ಮಗಳಿಗೆ ಕಾರ್ಖಾನ್ಯಾಗ ನೌಕರಿ ಆಗೈತೆಂತ. ಜರ್ಮನಿಯಿಂದ ಒಂದು ಲಾರಿ ಪುಸ್ತಕ ಬಂದಾವಂತ, ಓದಾಕ ಆಕೀನ ಬೇಕಂತ."

ಲಕ್ಷ್ಮಿಬಾಯಿ ಬಾಯಿಗೆ ಸೆರಗು ಹಿಡಿದರು. ತ್ರಿಶಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಮನ್ಯಾಗ ಬ್ಯಾಡ ಅಂತಿ, ಊರಾಗ ವಕೀಲಿ ಮಾಡ್ತಿ," ಎಂದ ವೃಷಭ. "ನಾ ಯಾವ ಮಾತಿಗೆ ಹೂಂ ಅನಬೇಕು, ಅದನ್ನರ ಹೇಳು."

ತ್ರಿಶಲಾ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಅದಕ್ಕೆ ಉತ್ತರ ಮರುದಿನ ಬೆಳಿಗ್ಗೆ ಬೇರೆ ಕಡೆಯಿಂದ ಬಂತು, ಅದೂ ಬಟ್ಟಲಲ್ಲಿ. ತ್ರಿಶಲಾ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಕಾಜಲ ಶುಂಠಿ ಜಜ್ಜಿ ಹಾಕಿದ ಚಹಾ ತಂದು ಕಟ್ಟೆಯ ಮೇಲಿಟ್ಟಳು.

"ಕುಡಿಯವ್ವಾ. ಬಿ.ಕಾಂ. ಮಾಡ್ತೀನಿ. ಇತ್ಯರ್ಥ ಆತು."

ಹದಿನೇಳು ದಿನದ ನಂತರದ ಚಹಾ. ಆವಿ ಮುಖಕ್ಕೆ ಬಡಿಯುವಷ್ಟು ಹತ್ತಿರವಿತ್ತು. ತ್ರಿಶಲಾಳಿಗೆ ಬೇಕಾಗಿದ್ದದ್ದು ಬೇಕಾದ ಹಾಗೆಯೇ ಕೈಗೆ ಬಂದಿತ್ತು. ದಿನವೂ ಸಂಜೆ ಬರುವ ಬಸ್ಸು, ಹೊತ್ತಿಗೆ ಸರಿಯಾದ ಊಟ. ಅವಳು ಕೈ ಒರೆಸಿಕೊಂಡು ಬಟ್ಟಲು ಎತ್ತಿಕೊಂಡಳು. ಮಗಳನ್ನು ನೋಡಿದಳು. ಕಾಜಲ ತಾಯಿಯನ್ನು ನೋಡುತ್ತಿರಲಿಲ್ಲ, ಬಟ್ಟಲನ್ನು ನೋಡುತ್ತಿದ್ದಳು, ಬೇಗ ಮುಗಿದರೆ ಸಾಕು ಎನ್ನುವ ಹಾಗೆ. ಜ್ವರ ಬಂದವರಿಗೆ ಔಷಧಿ ಕುಡಿಸುವಾಗ ನೋಡುವ ನೋಟ ಅದು.

ತ್ರಿಶಲಾ ಬಟ್ಟಲನ್ನು ಕೆಳಗಿಟ್ಟಳು. ಇದು ಇತ್ಯರ್ಥವಲ್ಲ, ಸೋಲು. ಎರಡಕ್ಕೂ ಬೇರೆ ಬೇರೆ ಪದಗಳಿರುವುದು ಸುಮ್ಮನೆ ಅಲ್ಲ ಎಂದುಕೊಂಡಳು.

"ನನ್ನ ಚಾ ಸಲುವಾಗಿ ಹೇಳಬ್ಯಾಡ," ಎಂದಳು. "ನಿಂಗ ಬಿ.ಕಾಂ. ಬೇಕಂತ ಹೇಳು, ಈಗ ಕುಡೀತೀನಿ."

ಕಾಜಲ ಕಟ್ಟೆಯ ತುದಿಯಲ್ಲಿ ಕೂತಳು. ಜರ್ಮನ್ ಕಲಿಯುವಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಬಿ.ಕಾಂ. ಎಂದಾಗ ಏನೂ ಅನ್ನಿಸುವುದಿಲ್ಲ, ಕೆಟ್ಟದ್ದೂ ಅನ್ನಿಸುವುದಿಲ್ಲ ಎಂದಳು. ಕೆಲಸ ಸಿಗದಿದ್ದರೆ ಹೇಗೆ ಎನ್ನುವ ಹೆದರಿಕೆ ಇದೆ, ಆದರೆ ಅದು ಬಿ.ಕಾಂ.ಗೂ ಇದೆ. ಎರಡು ತಿಂಗಳಿಂದ ದಿನಕ್ಕೊಂದು ಹೇಳುತ್ತಿರುವುದು ಅದಕ್ಕಲ್ಲ ಎಂದಳು.

"ಮತ್ಯಾಕ?"

"ನಾ ಹಾಸ್ಟೆಲಿಗೆ ಹೋದ್ರ ನೀ ನಿದ್ದಿ ಮಾಡಂಗಿಲ್ಲ, ಅವ್ವಾ. ಬಸ್ಸು ಲೇಟಾದ್ರನ ನಿನ್ನ ಮುಖ ನೋಡಾಕ ಆಗಂಗಿಲ್ಲ."

ತ್ರಿಶಲಾ ಹಿಂಡಿದ ಸೀರೆಯನ್ನು ಮತ್ತೊಮ್ಮೆ ಹಿಂಡಿದಳು. ಅದರಲ್ಲಿ ನೀರು ಉಳಿದಿರಲಿಲ್ಲ. ತನ್ನ ಕಾಳಜಿ ತನ್ನ ಎದೆಯೊಳಗೇ ಇದೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಮಗಳು ಅದನ್ನು ದಿನವೂ ನೋಡುತ್ತ, ಅದಕ್ಕೆ ತಕ್ಕಂತೆ ಹೆಜ್ಜೆ ಇಡುತ್ತ ಬೆಳೆದಿದ್ದಾಳೆ ಎನ್ನುವುದು ಗೊತ್ತಿರಲಿಲ್ಲ.

"ನೀ ಇಲ್ಲೇ ಬಾಜೂ ಖೋಲ್ಯಾಗ ಮಲಗಿದ್ರೂ ನಾ ನಿದ್ದಿ ಮಾಡಂಗಿಲ್ಲ," ಎಂದಳು. "ಮದಲಿಂದ ಹಂಗ ಅದೇನಿ. ನೀ ಹುಟ್ಟೂಕ್ಕಿಂತ ಮದಲೂ ಹಂಗ ಇದ್ದೆ, ನಿಮ್ಮ ಆಯೀನ ಕೇಳು. ಅದನ್ನ ನಿನ್ನ ಲೆಕ್ಕದಾಗ ಹಿಡೀಬ್ಯಾಡ. ಅದು ನಂದು."

ಕಾಜಲಳಿಗೆ ಮೊದಲು ನಗು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು, ಆಮೇಲೆ ಎರಡನ್ನೂ ದುಪಟ್ಟಾದಲ್ಲಿ ಒರೆಸಿಕೊಂಡಳು.

"ಹಂಗಾದ್ರ ಜರ್ಮನ್," ಎಂದಳು.

"ಖರೇನ?"

"ಖರೇನ."

ಮುಂಜಾನೆ ಒಂದು, ಮಧ್ಯಾಹ್ನ ಒಂದು ಎಂದು ಅತ್ತೆ ಹೇಳಿದ್ದು ನೆನಪಿದ್ದದ್ದರಿಂದ ತ್ರಿಶಲಾ ಮಧ್ಯಾಹ್ನದವರೆಗೆ ಕಾದಳು. ಮಧ್ಯಾಹ್ನವೂ ಜರ್ಮನ್ನೇ ಇತ್ತು. ಸಂಜೆ ವೃಷಭ ಒಂದು ಮಾತು ಹೆಚ್ಚಿಲ್ಲದೆ ಹೂಂ ಎಂದ. ಲಕ್ಷ್ಮಿಬಾಯಿ ಬಸದಿಯ ದಿಕ್ಕಿಗೆ ಕೈಮುಗಿದು, ಮುಗಿಯಿತು ಎಂದು ತೀರ್ಪು ಕೊಟ್ಟು, ಎಷ್ಟೋ ವರ್ಷದ ಮೇಲೆ ತಾವೇ ಒಲೆಯ ಮುಂದೆ ನಿಂತು ಚಹಾ ಮಾಡಿದರು. ಸಕ್ಕರೆ ವಿಪರೀತವಾಗಿತ್ತು. ತ್ರಿಶಲಾ ಎರಡು ಬಟ್ಟಲು ಕುಡಿದಳು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ, ಆದರೆ ಅದಕ್ಕೆ ಚಹಾದ್ದೇ ಕಾರಣ ಎಂದು ಹೇಳಿಕೊಳ್ಳಲು ಅನುಕೂಲವಾಯಿತು.

ಇಪ್ಪತ್ತಾರರಂದು ತಾಯಿ ಮಗಳು ಮಿರಜದಲ್ಲಿ ರೈಲು ಹಿಡಿದು ಕೊಲ್ಲಾಪುರಕ್ಕೆ ಹೋದರು. ಕಾಲೇಜಿನ ಕಚೇರಿಯಲ್ಲಿ ಉದ್ದನೆಯ ಸಾಲು. ಕಿಟಕಿಯ ಹಿಂದಿನ ಗುಮಾಸ್ತ ಕಾಗದಗಳನ್ನು ಒಂದೊಂದಾಗಿ ತಿರುವಿ, ಕರ್ನಾಟಕದ ಅಂಕಪಟ್ಟಿಯನ್ನು ಎರಡು ಸಲ ಬೆಳಕಿಗೆ ಹಿಡಿದು, ಸ್ವಲ್ಪ ಹೊತ್ತು ಕಾಯಿರಿ ಎಂದು ಮರಾಠಿಯಲ್ಲಿ ಹೇಳಿದ. ತ್ರಿಶಲಾ ಚೀಲದೊಳಗಿನ ಫೋಟೋ, ಆಧಾರ್, ಝೆರಾಕ್ಸುಗಳನ್ನು ಮತ್ತೆ ಮತ್ತೆ ಎಣಿಸಿದಳು. ಎಲ್ಲ ಸರಿ ಇದ್ದವು. ತಲೆ ಎತ್ತಿದಾಗ ಕಾಜಲ ಪಕ್ಕದಲ್ಲಿರಲಿಲ್ಲ.

ಚೀಲ ಎದೆಗವಚಿಕೊಂಡು ಹೊರಟಳು. ಪಡಸಾಲೆಯ ಕೊನೆಯವರೆಗೆ ಹೆಜ್ಜೆ ಹಾಕಿ ನೋಡಿದರೆ, ಒಂದು ತರಗತಿಯ ತೆರೆದ ಕಿಟಕಿಯ ಹೊರಗೆ ಮಗಳು ನಿಂತಿದ್ದಳು. ಒಳಗೆ ಹಿರಿಯ ವಿದ್ಯಾರ್ಥಿಗಳು ಹದಿನೈದು ಇಪ್ಪತ್ತು ಮಂದಿ. ಬಿಳಿ ಕೂದಲಿನ ಮೇಡಂ ಒಂದು ಸಾಲು ಓದುತ್ತಿದ್ದರು, ಹುಡುಗ ಹುಡುಗಿಯರು ಅದನ್ನು ಅವರ ಹಿಂದೆಯೇ ಹೇಳುತ್ತಿದ್ದರು. ತ್ರಿಶಲಾಳಿಗೆ ಒಂದು ಪದವೂ ತಿಳಿಯಲಿಲ್ಲ. ಬಾಗಿಲ ಹಿಂದಿನಿಂದ ಒಂದು ವರ್ಷ ಕೇಳಿಸಿಕೊಂಡ ಅದೇ ಸದ್ದು ಇಲ್ಲಿ ಬಾಗಿಲಿಲ್ಲದೆ, ಎಲ್ಲರ ಬಾಯಿಂದ, ಮಾತಿನ ಹಾಗೆಯೇ ಕೇಳಿಸುತ್ತಿತ್ತು.

ಕಾಜಲ ತಾಯಿ ಬಂದದ್ದನ್ನು ಗಮನಿಸಲಿಲ್ಲ. ಕಿಟಕಿಯ ಸರಳು ಹಿಡಿದು, ಒಳಗಿನವರ ಜೊತೆ ಅವಳ ತುಟಿಗಳೂ ಅಲ್ಲಾಡುತ್ತಿದ್ದವು. ಒಂದು ಕಡೆ ಒಳಗಿನ ಯಾರೋ ತಡವರಿಸಿ ನಿಂತಾಗ ಅವಳ ತುಟಿ ನಿಲ್ಲಲಿಲ್ಲ. ಸಾಲನ್ನು ಮುಗಿಸಿ, ಮೇಡಂ ಏನೆನ್ನುತ್ತಾರೋ ಎಂದು ಕತ್ತು ಚಾಚಿದಳು. ತ್ರಿಶಲಾ ಎರಡು ಹೆಜ್ಜೆ ಹಿಂದೆ ಸರಿದು ಕಂಬದ ಪಕ್ಕ ನಿಂತುಕೊಂಡು ನೋಡಿದಳು. ನೋಡುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು, ಇಡೀ ಆಯುಷ್ಯ ಅದನ್ನೇ ಮಾಡಿದ್ದಳು. ಆದರೆ ಏನೋ ಆಗಿಬಿಟ್ಟೀತು ಎಂದು ಅಲ್ಲದೆ, ಆಗುತ್ತಿರುವುದನ್ನು ಸುಮ್ಮನೆ ನೋಡಿದ್ದು ಕಡಿಮೆ.

ಕಚೇರಿಯ ಕಡೆಯಿಂದ ಗುಮಾಸ್ತ ಮಗಳ ಹೆಸರು ಹಿಡಿದು ಕೂಗಿ, ಪಾಲಕರ ಸಹಿ ಬೇಕು ಎಂದ. ಕಾಜಲಳಿಗೆ ಕೇಳಿಸಲಿಲ್ಲ. ತ್ರಿಶಲಾ ಅವಳನ್ನು ಕರೆಯಲಿಲ್ಲ. ಒಬ್ಬಳೇ ಹೋಗಿ, ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಗುಮಾಸ್ತ ಪೆನ್ನು ಚಾಚಿಕೊಂಡೇ ಕಾದ. ಮುಖ್ಯ ವಿಷಯ ಎನ್ನುವಲ್ಲಿ ಮಗಳ ಅಕ್ಷರ ಸ್ಪಷ್ಟವಾಗಿತ್ತು. ತ್ರಿಶಲಾ ಕನ್ನಡದಲ್ಲಿ ಸಹಿ ಹಾಕಿ, ಅರ್ಜಿಯನ್ನು ಎರಡನೆಯ ಸಲ ಓದದೆ ಕಿಟಕಿಯೊಳಗೆ ದೂಡಿದಳು.